ನಾಲ್ಕು ಮೂಲೆಗಳ ಪರೀಕ್ಷೆ

ಸೆಕೆಂಡ್ ಹ್ಯಾಂಡ್ ಲೆನ್ಸ್ ಪೇಟೆಯಲ್ಲಿ ಒಂದು ನಂಬಿಕೆ ಬಲವಾಗಿ ಬೇರೂರಿದೆ: ಲೆನ್ಸ್ ಹಳೆಯದಾದಷ್ಟೂ ಗಟ್ಟಿ, ಭಾರವಾದಷ್ಟೂ ಒಳ್ಳೆಯದು. 50 ಎಂಎಂ ಲೆನ್ಸಿನ ಮಟ್ಟಿಗೆ, ಮ್ಯಾಕ್ರೋ ಲೆನ್ಸಿನ ಮಟ್ಟಿಗೆ ಈ ಮಾತನ್ನು ಒಪ್ಪಬಹುದು. ನಲವತ್ತು ವರ್ಷ ಹಿಂದಿನ 50 ಎಂಎಂ ಲೆನ್ಸನ್ನು ಇವತ್ತಿನ ಬಾಡಿಗೆ ಹಾಕಿ ಎಫ್/5.6ರಲ್ಲಿ ತೆಗೆದ ಚಿತ್ರವನ್ನು ಹೊಸ ಲೆನ್ಸಿನ ಚಿತ್ರದ ಪಕ್ಕ ಇಟ್ಟರೆ ಯಾವುದು ಯಾವುದರದ್ದೆಂದು ಹೇಳುವುದು ಕಷ್ಟ. ವೈಡ್ ಆಂಗಲ್ ವಿಷಯದಲ್ಲಿ ಮಾತ್ರ ಇದೇ ನಂಬಿಕೆ ಕೊಳ್ಳುವವರ ಜೇಬಿಗೆ ಕತ್ತರಿ ಹಾಕುತ್ತದೆ. ಕಡಿಮೆ ದುಡ್ಡಿನಲ್ಲಿ ವೈಡ್ ಹುಡುಕುವವರು ಇತ್ತೀಚಿನ ತಲೆಮಾರಿನ ಹಗುರ ಪ್ಲಾಸ್ಟಿಕ್ ಲೆನ್ಸುಗಳನ್ನು ಮೊದಲು ನೋಡಬೇಕು, ಹೆಸರು ಮಾಡಿದ ಭಾರದ ಲೆನ್ಸುಗಳನ್ನು ಆಮೇಲೆ ನೋಡಬೇಕು. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ.

ಕಾರಣ ಕ್ಯಾಮೆರಾದ ಹೊಟ್ಟೆಯಲ್ಲಿದೆ. ಎಸ್‌ಎಲ್‌ಆರ್‌ನಲ್ಲಿ ಲೆನ್ಸಿಗೂ ಸೆನ್ಸರಿಗೂ ನಡುವೆ ಒಂದು ಕನ್ನಡಿ ಏರಿ ಇಳಿಯಬೇಕು. ಅದಕ್ಕೆ ಜಾಗ ಬಿಡಲೆಂದು ಲೆನ್ಸ್ ಕೂರುವ ಮೌಂಟನ್ನು ಕ್ಯಾನನ್‌ನಲ್ಲಿ ಸೆನ್ಸರಿನಿಂದ 44 ಎಂಎಂ, ನಿಕಾನ್‌ನಲ್ಲಿ 46.5 ಎಂಎಂ ದೂರ ಇಟ್ಟಿದ್ದಾರೆ. 50 ಎಂಎಂ ಲೆನ್ಸಿಗೆ ಇದರಿಂದ ಏನೂ ಅಡ್ಡಿಯಿಲ್ಲ. 20 ಎಂಎಂ ಅಥವಾ 10 ಎಂಎಂ ಲೆನ್ಸಿಗೆ ಅಷ್ಟು ಹಿಂದಕ್ಕೆ ಬೆಳಕನ್ನು ತಲುಪಿಸುವುದೇ ದೊಡ್ಡ ಸಾಹಸ. ಮೊದಲು ಮುಂದಿನ ದೊಡ್ಡ ಗಾಜು ಬೆಳಕನ್ನು ಹರಡಬೇಕು, ನಂತರ ಹಿಂದಿನ ಗಾಜುಗಳು ಅದನ್ನು ಒಟ್ಟುಗೂಡಿಸಬೇಕು. 1950ರಲ್ಲಿ ಫ್ರಾನ್ಸಿನ ಪಿಯೆರ್ ಆಂಜೆನ್ಯು ತಮ್ಮ 35 ಎಂಎಂ ಎಫ್/2.5 ಲೆನ್ಸನ್ನು ಹೀಗೆ ಕಟ್ಟಿ ಅದಕ್ಕೆ ರೆಟ್ರೋಫೋಕಸ್ ಎಂದು ಹೆಸರಿಟ್ಟರು. ಎಸ್‌ಎಲ್‌ಆರ್‌ನ ವೈಡ್ ಲೆನ್ಸುಗಳು ಬಹುತೇಕ ಇದೇ ದಾರಿಯಲ್ಲಿ ಬಂದಿವೆ.

ಈ ದಾರಿಯ ಬೆಲೆಯನ್ನು ತೆರುವುದು ಚಿತ್ರದ ಮೂಲೆಗಳು. ಮುಂದೊಂದು ಬಗೆ, ಹಿಂದೊಂದು ಬಗೆಯ ಗಾಜು ಇರುವುದರಿಂದ ಒಂದರ ದೋಷವನ್ನು ಇನ್ನೊಂದು ಅಳಿಸಿಹಾಕುವುದು ಸುಲಭವಲ್ಲ. ಗೆರೆಗಳು ಬಾಗುತ್ತವೆ, ಅಂಚಿನಲ್ಲಿ ನೇರಳೆ ಹಸಿರು ಬಣ್ಣ ಒಸರುತ್ತದೆ, ಮೂಲೆ ಮಸುಕಾಗುತ್ತದೆ. 1967ರಲ್ಲಿ ನಿಕಾನ್ ತನ್ನ 24 ಎಂಎಂ ಎಫ್/2.8 ಲೆನ್ಸಿನಲ್ಲಿ ಫೋಕಸ್ ಮಾಡುವಾಗ ಒಳಗಿನ ಗಾಜುಗಳು ಪರಸ್ಪರ ದೂರ ಬದಲಿಸಿಕೊಳ್ಳುವ ಏರ್ಪಾಟು ತಂದಿತು. ಹತ್ತಿರದ ವಸ್ತು ತೆಗೆಯುವಾಗ ಮೂಲೆ ಕೆಡುವುದು ಅದರಿಂದ ಕಡಿಮೆಯಾಯಿತು. ಆಮೇಲೆ ಅಚ್ಚಿನಲ್ಲಿ ಒತ್ತಿದ ಆಸ್ಫೆರಿಕಲ್ ಗಾಜು ಅಗ್ಗವಾಯಿತು, ಬಣ್ಣ ಕಡಿಮೆ ಚದುರಿಸುವ ಗಾಜು ಬಂತು, ಕೋಟಿಂಗ್ ಸುಧಾರಿಸಿತು. 50 ಎಂಎಂಗೆ ಈ ಸುಧಾರಣೆಗಳಿಂದ ಆದ ಲಾಭ ಅಲ್ಪ. ವೈಡ್‌ಗೆ ಆದ ಲಾಭ ಅಗಾಧ. ಹಾಗಾಗಿಯೇ ವೈಡ್‌ನಲ್ಲಿ ಲೆನ್ಸಿನ ವಯಸ್ಸು ಲೆಕ್ಕಕ್ಕೆ ಬರುತ್ತದೆ.

ಸೆನ್ಸರಿನ ಅಳತೆಯೂ ಹಳೆಯ ಲೆನ್ಸುಗಳಿಗೆ ವಿರುದ್ಧವಾಗಿದೆ. ಫಿಲಂ ಕಾಲದಲ್ಲಿ 24 ಎಂಎಂ ಅಂದರೆ 84 ಡಿಗ್ರಿ ನೋಟದ ದಿಟ್ಟ ವೈಡ್. ಅದೇ ಲೆನ್ಸ್ ಫಿಲಂಗಿಂತ ಚಿಕ್ಕ ಸೆನ್ಸರಿರುವ ನಿಕಾನಿನ ಕ್ರಾಪ್ ಬಾಡಿಗೆ ಏರಿದರೆ 36 ಎಂಎಂನಷ್ಟು, ಕ್ಯಾನನ್‌ಗೆ ಏರಿದರೆ 38 ಎಂಎಂನಷ್ಟು ನೋಟ ಮಾತ್ರ ಉಳಿಯುತ್ತದೆ. ಕ್ಯಾಮೆರಾ ಜೊತೆ ಬಂದ 18-55 ಕಿಟ್ ಲೆನ್ಸೇ ಅದಕ್ಕಿಂತ ಅಗಲಕ್ಕೆ ನೋಡುತ್ತದೆ. ಕ್ರಾಪ್ ಸೆನ್ಸರಿಗೆ ನಿಜವಾದ ವೈಡ್ ಬೇಕಾದರೆ 10ರಿಂದ 12 ಎಂಎಂನಲ್ಲಿ ಶುರುವಾಗುವ ಲೆನ್ಸ್ ಬೇಕು. ನಿಕಾನ್ ಆ ದಾರಿಗೆ ಕಾಲಿಟ್ಟದ್ದು 2003ರಲ್ಲಿ, 12-24 ಎಫ್/4 ಲೆನ್ಸಿನೊಂದಿಗೆ. ಕ್ಯಾನನ್ 10-22 ಬಂದದ್ದು 2004ರಲ್ಲಿ. ಕ್ರಾಪ್ ಬಾಡಿ ಇರುವವರು ಫಿಲಂ ಕಾಲದ ವೈಡ್‌ಗೆ ಮರುಳಾಗಿ ಹಣ ಕೊಡುವುದರಲ್ಲಿ ಅರ್ಥವಿಲ್ಲ.

ಇನ್ನು ಅಳೆಯುವ ಕೋಲು ಯಾವುದು? ಲೆನ್ಸ್ ವಿಮರ್ಶೆಗಳು ಸಾಮಾನ್ಯವಾಗಿ ಎಲ್ಲ ದೋಷಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಅಂಕ ಕೊಡುತ್ತವೆ. ದುಡ್ಡು ಕಡಿಮೆ ಇದ್ದವರಿಗೆ ಆ ಪದ್ಧತಿ ಉಪಯೋಗವಿಲ್ಲ. ದೋಷಗಳನ್ನು ಎರಡು ಗುಂಪು ಮಾಡಿ ನೋಡಿ. ಗೆರೆ ಬಾಗುವುದು, ಮೂಲೆ ಕಪ್ಪಾಗುವುದು, ಅಂಚಿನ ಬಣ್ಣ — ಇವನ್ನು ರಾ ಫೈಲ್ ತೆರೆಯುವ ಸಾಫ್ಟ್‌ವೇರ್ ಕ್ಷಣದಲ್ಲಿ ಸರಿಪಡಿಸುತ್ತದೆ. ಹಾಗೆ ಸರಿಪಡಿಸಿದ್ದಕ್ಕೂ ಸ್ವಲ್ಪ ಬೆಲೆ ಇದೆ. ಕಪ್ಪು ಮೂಲೆಯನ್ನು ಬೆಳಗಿಸಿದಾಗ ನಾಯ್ಸ್ ಏಳುತ್ತದೆ, ಬಾಗಿದ ಗೆರೆಯನ್ನು ನೆಟ್ಟಗೆ ಮಾಡಿದಾಗ ಅಂಚಿನ ವಿವರ ಹಿಗ್ಗುತ್ತದೆ. ಆದರೂ ಚಿತ್ರ ಉಳಿಯುತ್ತದೆ. ಎರಡನೇ ಗುಂಪಿನವು ಕೊನೆಯವರೆಗೂ ಉಳಿಯುವ ದೋಷಗಳು: ಒಳಗಿನ ಗಾಜು ಕೇಂದ್ರ ತಪ್ಪಿ ಒಂದು ಬದಿ ಮಸುಕಾಗುವುದು, ಎದುರು ಬೆಳಕಿಗೆ ಚಿತ್ರವೆಲ್ಲ ಮಂಕಾಗುವ ಫ್ಲೇರ್, ಮೂಲೆಯ ದೀಪಕ್ಕೆ ರೆಕ್ಕೆ ಮೂಡಿಸುವ ಕೋಮಾ. ಇವುಗಳಿಗೆ ಮದ್ದಿಲ್ಲ. ಕೈಯಲ್ಲಿರುವ ಹಣವನ್ನು ಈ ಎರಡನೇ ಗುಂಪಿನಿಂದ ತಪ್ಪಿಸಿಕೊಳ್ಳಲು ಖರ್ಚು ಮಾಡಬೇಕು.

ಈ ಕೋಲು ಹಿಡಿದು ನಮ್ಮ ಪೇಟೆಯಲ್ಲಿ ಅತಿ ಹೆಚ್ಚು ಚರ್ಚೆಯಾಗುವ ಜೋಡಿಯನ್ನು ಅಳೆಯೋಣ: ಟೋಕಿನಾ 11-16 ಎಫ್/2.8 ಮತ್ತು ಕ್ಯಾನನ್ ಇಎಫ್-ಎಸ್ 10-18 ಎಫ್/4.5-5.6 ಐಎಸ್ ಎಸ್‌ಟಿಎಂ.

ಟೋಕಿನಾ ಬಂದ ಕಾಲಕ್ಕೆ ಅದೊಂದು ಅದ್ಭುತವೇ ಆಗಿತ್ತು. ಕ್ರಾಪ್ ಸೆನ್ಸರಿಗೆ ಎಫ್/2.8ರ ವೈಡ್ ಝೂಮ್ ಬೇರೆ ಯಾರ ಬಳಿಯೂ ಇಲ್ಲದ ದಿನಗಳವು. ಅರ್ಧ ಕೆಜಿಗಿಂತ ಹೆಚ್ಚು ತೂಕ, ಕೈಗೆ ಗಟ್ಟಿ ಅನ್ನಿಸುವ ಕಟ್ಟೋಣ, ಹಿಂದಕ್ಕೂ ಮುಂದಕ್ಕೂ ಎಳೆದರೆ ಆಟೋದಿಂದ ಮ್ಯಾನುಯಲ್ ಫೋಕಸ್‌ಗೆ ಬದಲಾಗುವ ರಿಂಗ್, ಅದರ ಮೇಲೆ ದೂರದ ಅಳತೆಯ ಗುರುತು. ನಡುಭಾಗದ ಚೂಪು ಇವತ್ತಿಗೂ ಮೆಚ್ಚುವಂಥದ್ದು. ಮದುವೆ ಫೋಟೊಗ್ರಾಫರುಗಳು ಇದನ್ನು ಬಿಡದೆ ಬಳಸಿದ್ದಕ್ಕೆ ಕಾರಣವಿದೆ. ಇದರ ದೌರ್ಬಲ್ಯವೂ ಅಷ್ಟೇ ಸ್ಪಷ್ಟ: ಅಂಚಿನ ಬಣ್ಣ ಎದ್ದು ಕಾಣುತ್ತದೆ, ಸೂರ್ಯ ಚೌಕಟ್ಟಿನೊಳಗೆ ಬಂದರೆ ಬೆಳಕಿನ ಬೊಟ್ಟುಗಳು ಸಾಲಾಗಿ ಬೀಳುತ್ತವೆ. ಮೊದಲನೆಯದು ಸಾಫ್ಟ್‌ವೇರ್‌ಗೆ ಬಿಟ್ಟ ವಿಷಯ. ಎರಡನೆಯದು ಹಾಗಲ್ಲ. ನೂರು ಡಿಗ್ರಿ ನೋಡುವ ಲೆನ್ಸಿನಲ್ಲಿ ಸೂರ್ಯನನ್ನು ಹೊರಗಿಡುವುದೇ ಕಷ್ಟ. ಹಂಪಿಯ ಮಾತಂಗ ಬೆಟ್ಟದ ಮೇಲೆ ಸೂರ್ಯೋದಯಕ್ಕೆ ಕಾದು ನಿಂತವರಿಗೆ ಈ ಬೊಟ್ಟುಗಳು ಎಷ್ಟು ದೊಡ್ಡ ತೊಂದರೆ ಎಂದು ವಿವರಿಸಬೇಕಾಗಿಲ್ಲ.

ಕ್ಯಾನನ್ 10-18 ಬಂದದ್ದು 2014ರಲ್ಲಿ. ಅಮೆರಿಕದಲ್ಲಿ 299 ಡಾಲರಿಗೆ ಬಿಡುಗಡೆಯಾದ ಈ ಲೆನ್ಸಿನ ತೂಕ ಸುಮಾರು 240 ಗ್ರಾಂ, ಮೌಂಟ್ ಕೂಡ ಪ್ಲಾಸ್ಟಿಕ್. ಕೈಗೆತ್ತಿಕೊಂಡರೆ ಆಟದ ಸಾಮಾನು ಅನ್ನಿಸುವಷ್ಟು ಹಗುರ. ಅಪರ್ಚರ್ ಎಫ್/4.5ರಿಂದ ಶುರು, 18 ಎಂಎಂಗೆ ಹೋದರೆ ಎಫ್/5.6. ಕಾಗದದ ಮೇಲೆ ಟೋಕಿನಾ ಗೆದ್ದಂತೆ ಕಾಣುತ್ತದೆ. ಆದರೆ ಈ ಹಗುರ ಲೆನ್ಸಿನ ಮೂಲೆಗಳು ಪೂರ್ತಿ ತೆರೆದ ಅಪರ್ಚರಿನಲ್ಲೇ ಬಳಸುವಷ್ಟು ಚೆನ್ನಾಗಿವೆ, ಎದುರು ಬೆಳಕನ್ನು ಟೋಕಿನಾಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ, ಅದರೊಳಗೆ ಕೈ ನಡುಕವನ್ನು ಸರಿದೂಗಿಸುವ ಐಎಸ್ ಇದೆ.

ಆ ಐಎಸ್ ನಮ್ಮ ನೆಲದಲ್ಲಿ ಎಷ್ಟು ಮುಖ್ಯ ಎನ್ನುವುದನ್ನು ವಿದೇಶಿ ವಿಮರ್ಶೆಗಳು ಹೇಳಲಾರವು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಹೂಡುವಂತಿಲ್ಲ. ಬಾದಾಮಿಯ ಮೂರನೇ ಗುಹೆಯ ಪಡಸಾಲೆಯ ಕೊನೆಯಲ್ಲಿ ತ್ರಿವಿಕ್ರಮನ ಆಳೆತ್ತರ ಮೀರಿದ ಉಬ್ಬುಶಿಲ್ಪವಿದೆ. ಹಿಂದೆ ಸರಿಯಲು ಹೆಚ್ಚು ಜಾಗವಿಲ್ಲ. ಬೇಲೂರಿನ ನವರಂಗದಲ್ಲಿ ತಲೆ ಎತ್ತಿ ಭುವನೇಶ್ವರಿ ನೋಡುವವರಿಗೆ ಬೆಳಕು ಸಾಲದು. ಕಲ್ಲು ಅಲುಗಾಡುವುದಿಲ್ಲ, ಕೈ ಮಾತ್ರ ಅಲುಗಾಡುತ್ತದೆ. ಎಫ್/4.5ಕ್ಕಿಂತ ಎಫ್/2.8 ಒಳಬಿಡುವ ಬೆಳಕು ಎರಡೂವರೆ ಪಟ್ಟು. ಐಎಸ್ ನೆರವಿನಿಂದ ಕಾಲು ಸೆಕೆಂಡಿನ ಶಟರನ್ನೂ ಕೈಯಲ್ಲಿ ಹಿಡಿಯಲು ಸಾಧ್ಯವಾದರೆ ಸಿಗುವ ಲಾಭ ಅದಕ್ಕಿಂತ ಬಹಳ ಹೆಚ್ಚು. ಮೇಲಾಗಿ ಕಂಬದಿಂದ ಹಿಂದಿನ ಗೋಡೆಯವರೆಗೆ ಎಲ್ಲವೂ ಚೂಪಾಗಿ ಬರಬೇಕಾದ ಚಿತ್ರಕ್ಕೆ ಎಫ್/2.8 ಯಾರಿಗೂ ಬೇಡ. ದೇವಾಲಯ, ಗುಹೆ, ಹಳೆಯ ಮನೆಗಳ ಒಳಾಂಗಣ ತೆಗೆಯುವವರು ಕಣ್ಣುಮುಚ್ಚಿ 10-18 ಕಡೆ ಹೋಗಬಹುದು.

ವಸ್ತು ಅಲುಗಾಡಿದರೆ ತೀರ್ಪು ತಿರುಗುತ್ತದೆ. ಯಕ್ಷಗಾನದ ರಂಗಸ್ಥಳದ ಅಂಚಿನಲ್ಲಿ ಕೂತು, ವೇಷಧಾರಿ ದಿಗಿಣ ಹೊಡೆಯುವ ಕ್ಷಣಕ್ಕೆ ಕಾಯುವವರಿಗೆ ಐಎಸ್ ಏನೂ ಮಾಡಲಾರದು. ಒಂದೇ ಐಎಸ್‌ಒದಲ್ಲಿ ಎಫ್/4.5ಕ್ಕೆ ಸೆಕೆಂಡಿನ ನೂರನೇ ಒಂದು ಭಾಗದ ಶಟರ್ ಸಿಕ್ಕರೆ ಎಫ್/2.8ಕ್ಕೆ ಇನ್ನೂರೈವತ್ತನೇ ಒಂದು ಭಾಗ ಸಿಗುತ್ತದೆ. ಹಾರಿದ ಕಾಲು ನಿಲ್ಲುವುದೂ ಕದಡುವುದೂ ಈ ಅಂತರದಲ್ಲಿ. ಝೂಮ್ ಕೊನೆಗೆ ಹೋದರೆ ವ್ಯತ್ಯಾಸ ನಾಲ್ಕು ಪಟ್ಟು ಆಗುತ್ತದೆ. ಮದುವೆ ಮನೆ, ಜಾತ್ರೆಯ ರಾತ್ರಿ, ರಂಗಭೂಮಿ — ಇವೇ ನಿಮ್ಮ ಕೆಲಸವಾದರೆ ಟೋಕಿನಾದ ಭಾರ ಹೊರಲು ಯೋಗ್ಯ. ಆದಷ್ಟೂ 2012ರ ಡಿಎಕ್ಸ್-2 ಆವೃತ್ತಿಯನ್ನೇ ಹುಡುಕಿ.

ನಿಕಾನ್ ಬಳಸುವವರಿಗೆ ಆವೃತ್ತಿಯ ಪ್ರಶ್ನೆ ಇನ್ನೂ ದೊಡ್ಡದು. ಟೋಕಿನಾದ ಮೊದಲ ಆವೃತ್ತಿಯ ನಿಕಾನ್ ಲೆನ್ಸಿನಲ್ಲಿ ಫೋಕಸ್ ಮೋಟರ್ ಇಲ್ಲ. ಬಾಡಿಯ ಮೋಟರ್ ಅದನ್ನು ತಿರುಗಿಸಬೇಕು. ಡಿ3000 ಮತ್ತು ಡಿ5000 ಸಾಲಿನ ಬಾಡಿಗಳಲ್ಲಿ ಆ ಮೋಟರೇ ಇಲ್ಲ. ಹೀಗಾಗಿ ಆ ಲೆನ್ಸುಗಳು ಅಗ್ಗಕ್ಕೆ ಸಿಗುತ್ತವೆ, ಬಹಳ ಜನ ಹಿಂಜರಿಯುತ್ತಾರೆ. ಹಿಂಜರಿಯಬೇಕಾಗಿಲ್ಲ. 11 ಎಂಎಂನಲ್ಲಿ ಎಫ್/8 ಇಟ್ಟು, ಒಂದು ಮೀಟರಿಗೆ ಫೋಕಸ್ ನಿಲ್ಲಿಸಿದರೆ ಸುಮಾರು ಅರ್ಧ ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಚೂಪಾಗಿ ಬರುತ್ತದೆ. ದೂರದ ಗುರುತು ರಿಂಗಿನ ಮೇಲೇ ಇರುವುದರಿಂದ ಇದನ್ನು ಕತ್ತಲಲ್ಲೂ ಮಾಡಬಹುದು. ಟೆಲಿ ಲೆನ್ಸಿನಲ್ಲಿ ಆಟೋ ಫೋಕಸ್ ಇಲ್ಲದಿದ್ದರೆ ಕೈ ಕಟ್ಟಿದ ಹಾಗೆ; ವೈಡ್‌ನಲ್ಲಿ ಅದರ ಅಗತ್ಯ ಬಹಳ ಕಡಿಮೆ.

ನಿಜವಾದ ಬಲೆ ಇರುವುದು ಇದರ ವಿರುದ್ಧ ದಿಕ್ಕಿನಲ್ಲಿ. 2017ರಲ್ಲಿ ನಿಕಾನ್ ತಂದ ಎಎಫ್-ಪಿ 10-20 ಎಫ್/4.5-5.6 ವಿಆರ್, ಕ್ಯಾನನ್ 10-18ಕ್ಕೆ ನೇರ ಉತ್ತರ. ಅಷ್ಟೇ ಹಗುರ, ಐಎಸ್ ಮಾಡುವ ಕೆಲಸವನ್ನೇ ಮಾಡುವ ವಿಆರ್ ಇದೆ, ಗುಣವೂ ಒಳ್ಳೆಯದು. ನಿಕಾನ್ ಕ್ರಾಪ್ ಬಾಡಿಗೆ ನನ್ನ ಮೊದಲ ಆಯ್ಕೆಯೂ ಇದೇ. ಆದರೆ ಅದರ ಫೋಕಸ್ ಪೂರ್ತಿ ವಿದ್ಯುತ್ ಆಧಾರಿತ. ಡಿ90, ಡಿ3100, ಡಿ5100ರಂಥ ಹಳೆಯ ಬಾಡಿಗೆ ಹಾಕಿದರೆ ಆಟೋ ಫೋಕಸ್ ಹೋಗಲಿ, ಕೈಯಲ್ಲಿ ರಿಂಗ್ ತಿರುಗಿಸಿದರೂ ಫೋಕಸ್ ಆಗುವುದಿಲ್ಲ. ಮೌಂಟ್ ಮಾತ್ರ ಸರಿಯಾಗಿ ಕೂರುತ್ತದೆ. ನಿಮ್ಮ ಬಾಡಿಯನ್ನು ಜೊತೆಗೆ ಒಯ್ಯದೆ, ಅದಕ್ಕೆ ಹಾಕಿ ನೋಡದೆ ಈ ಲೆನ್ಸಿಗೆ ಮುಂಗಡ ಕೊಡಬೇಡಿ.

ಉಳಿದವುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕೊರಿಯಾದ ಸಾಮ್ಯಾಂಗ್ 14 ಎಂಎಂ ಎಫ್/2.8 ಫುಲ್ ಫ್ರೇಮ್‌ಗೆ ಸಿಗುವ ಅತಿ ಅಗ್ಗದ ಅತಿ ವೈಡ್‌ಗಳಲ್ಲಿ ಒಂದು, ಎಲ್ಲವೂ ಮ್ಯಾನುಯಲ್. ನೇರ ಗೆರೆಗಳನ್ನು ಮೀಸೆಯ ಆಕಾರಕ್ಕೆ ಬಗ್ಗಿಸುತ್ತದೆ, ಅದನ್ನು ಪ್ರೊಫೈಲ್ ಹಾಕಿ ನೆಟ್ಟಗೆ ಮಾಡಬಹುದು. ಕೋಮಾ ಕಡಿಮೆ, ನಕ್ಷತ್ರ ತೆಗೆಯುವವರು ಅದಕ್ಕಾಗಿಯೇ ಹುಡುಕಿ ಕೊಳ್ಳುತ್ತಾರೆ. ನನ್ನ ಕೋಲಿನಲ್ಲಿ ಅಳೆದರೆ ಇದು ಬಹಳ ಒಳ್ಳೆಯ ವ್ಯವಹಾರ, ಒಂದು ಷರತ್ತಿನ ಮೇಲೆ: ಇದರಲ್ಲಿ ಪ್ರತಿಯಿಂದ ಪ್ರತಿಗೆ ವ್ಯತ್ಯಾಸ ಹೆಚ್ಚು, ಕೇಂದ್ರ ತಪ್ಪಿದ ಪ್ರತಿಗಳು ಪೇಟೆಯಲ್ಲಿ ತಿರುಗುತ್ತಿರುತ್ತವೆ. ಕ್ಯಾನನ್ 17-40 ಎಫ್/4 ಎಲ್ 2003ರ ಲೆನ್ಸ್. ಕೆಂಪು ಪಟ್ಟಿಯ ಆಕರ್ಷಣೆ ಅದರ ಬೆಲೆಯನ್ನು ಇನ್ನೂ ಎತ್ತಿ ಹಿಡಿದಿದೆ. ಫುಲ್ ಫ್ರೇಮಿನಲ್ಲಿ ಮೂಲೆಗಳು ಎಫ್/8 ದಾಟುವವರೆಗೆ ಸೋಮಾರಿ, ಕ್ರಾಪ್ ಬಾಡಿಯಲ್ಲಿ ಅದು ವೈಡೇ ಅಲ್ಲ. ಮಳೆ ಧೂಳಿನಲ್ಲಿ ಕೆಲಸ ಮಾಡುವವರನ್ನು ಬಿಟ್ಟರೆ ಇತರರಿಗೆ ನಾನು ಇದನ್ನು ಕೊಳ್ಳಲು ಹೇಳುವುದಿಲ್ಲ.

ಲೆನ್ಸ್ ಯಾವುದೇ ಇರಲಿ, ವೈಡ್ ಕೊಳ್ಳುವಾಗ ಮಾಡಲೇಬೇಕಾದ ಪರೀಕ್ಷೆ ಒಂದಿದೆ. ಗೋಡೆಯ ಇಟ್ಟಿಗೆ ತೆಗೆದು ನೋಡುವ ಪದ್ಧತಿ ಜನಪ್ರಿಯ, ಆದರೆ ಕ್ಯಾಮೆರಾ ಗೋಡೆಗೆ ಕೂದಲೆಳೆಯಷ್ಟು ಓರೆಯಾದರೂ ಒಳ್ಳೆಯ ಲೆನ್ಸ್ ಮೇಲೆ ಸುಳ್ಳು ಆರೋಪ ಬರುತ್ತದೆ. ಅದರ ಬದಲು ಬಹಳ ದೂರದಲ್ಲಿರುವ ಮೊಬೈಲ್ ಟವರೊಂದನ್ನು ಆರಿಸಿಕೊಳ್ಳಿ. ಅದರ ಕಬ್ಬಿಣದ ಹೆಣಿಗೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಲೈವ್ ವ್ಯೂನಲ್ಲಿ ದೊಡ್ಡದು ಮಾಡಿ ನಡುವೆ ಫೋಕಸ್ ಮಾಡಿ, ಫೋಕಸನ್ನು ಮ್ಯಾನುಯಲ್‌ಗೆ ಬದಲಿಸಿ ಅಲ್ಲಿಗೇ ಬಿಡಿ. ಅಪರ್ಚರ್ ಪೂರ್ತಿ ತೆರೆದು, ಶಟರ್ ವೇಗವಾಗಿಟ್ಟು, ಅದೇ ಟವರ್ ಚೌಕಟ್ಟಿನ ನಾಲ್ಕು ಮೂಲೆಗಳಲ್ಲಿ ಬರುವಂತೆ ನಾಲ್ಕು ಚಿತ್ರ ತೆಗೆಯಿರಿ. ಝೂಮಿನ ಎರಡೂ ಕೊನೆಯಲ್ಲಿ ಇದನ್ನು ಮಾಡಿ. ನಾಲ್ಕೂ ಮೂಲೆ ಒಂದೇ ಸಮ ಮಸುಕಾಗಿದ್ದರೆ ಅದು ಆ ಲೆನ್ಸಿನ ಹುಟ್ಟುಗುಣ, ಅಪರ್ಚರ್ ಕಿರಿದು ಮಾಡಿದರೆ ಸುಧಾರಿಸುತ್ತದೆ. ಮೂರು ಚೆನ್ನಾಗಿದ್ದು ಒಂದು ಮಾತ್ರ ಕದಡಿದ್ದರೆ ಲೆನ್ಸ್ ಎಲ್ಲೋ ಬಿದ್ದಿದೆ, ಯಾರೋ ಬಿಚ್ಚಿ ಸರಿಯಾಗಿ ಕೂರಿಸಿಲ್ಲ, ಇಲ್ಲವೇ ತಯಾರಿಕೆಯಲ್ಲೇ ಕೇಂದ್ರ ತಪ್ಪಿದೆ. ವೈಡ್‌ನ ಒಳಗಿನ ಗಾಜು ತುಸು ಸರಿದರೂ ಸಾಕು, ಒಂದು ಪಾರ್ಶ್ವವೇ ಹೋಗುತ್ತದೆ. ಮುಂದಿನ ಫಿಲ್ಟರ್ ರಿಂಗಿನ ನೆಗ್ಗು, ಮೌಂಟಿನ ಸ್ಕ್ರೂ ತಲೆಯ ಗೀರು ಇದೇ ಕತೆಯನ್ನು ಮೊದಲೇ ಹೇಳುತ್ತವೆ.

ಎದುರು ಬೆಳಕಿನ ಪರೀಕ್ಷೆಗೆ ಅಂಗಡಿಯಿಂದ ಹೊರಗೆ ಬಂದು ಸೂರ್ಯನನ್ನು ಚೌಕಟ್ಟಿನ ಒಂದು ಮೂಲೆಗೆ ತನ್ನಿ. ಇದನ್ನು ಲೈವ್ ವ್ಯೂನಲ್ಲಿ ಮಾತ್ರ, ಚುಟುಕಾಗಿ ಮಾಡಿ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ಸೂರ್ಯನನ್ನು ನೋಡುವುದು ಕಣ್ಣಿಗೆ ಅಪಾಯ.

ಇನ್ನುಳಿದದ್ದು ಫಂಗಸ್. ಕರಾವಳಿ ಮತ್ತು ಮಲೆನಾಡಿನಲ್ಲಿ ಲೆನ್ಸ್ ಇಟ್ಟುಕೊಂಡ ಯಾರಿಗೂ ಇದನ್ನು ಪರಿಚಯಿಸಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ; ಬ್ಯಾಗಿನೊಳಗೆ ಮುಚ್ಚಿಟ್ಟ ಲೆನ್ಸಿಗೆ ಬೂಷ್ಟು ಹಿಡಿಯಲು ಒಂದು ಮಳೆಗಾಲ ಸಾಕು. ಅದು ಬರೀ ಕಲೆಯಲ್ಲ, ಬೆಳೆಯುತ್ತ ಆಮ್ಲ ಬಿಟ್ಟು ಕೋಟಿಂಗನ್ನು ತಿನ್ನುತ್ತದೆ. ಒರೆಸಿ ತೆಗೆದರೂ ತಿಂದ ಗುರುತು ಉಳಿಯುತ್ತದೆ. ಫೋನಿನ ಟಾರ್ಚನ್ನು ಹಿಂದಿನ ಗಾಜಿನಿಂದ ಓರೆಯಾಗಿ ಹಾಯಿಸಿ ಮುಂದಿನಿಂದ ನೋಡಿ, ಆಮೇಲೆ ತಿರುಗಿಸಿ ನೋಡಿ. ಕ್ಯಾನನ್ ಲೆನ್ಸಿನ ಅಪರ್ಚರ್ ಬಾಡಿಯಿಂದ ತೆಗೆದಾಗ ತೆರೆದೇ ಇರುತ್ತದೆ; ಈ ನಿಕಾನ್ ಮೌಂಟ್ ಲೆನ್ಸುಗಳಲ್ಲಿ ಮುಚ್ಚಿಕೊಂಡಿರುತ್ತದೆ, ಹಿಂದಿನ ಸಣ್ಣ ಸನ್ನೆಯನ್ನು ಬೆರಳಿನಿಂದ ಸರಿಸಿ ತೆರೆಯಬೇಕು. ನಾಲ್ಕಾರು ಧೂಳಿನ ಕಣ ಕಂಡರೆ ಚಿಂತೆ ಬೇಡ. ಕವಲೊಡೆದ ಎಳೆಗಳು ಕಂಡರೆ, ಗಾಜು ಹಾಲು ಬೆರೆಸಿದಂತೆ ಮಬ್ಬಾಗಿದ್ದರೆ ವಾಪಸ್ ಕೊಡಿ. ಟೆಲಿ ಲೆನ್ಸಿನಲ್ಲಿ ಅಂಚಿನ ಚಿಕ್ಕ ಫಂಗಸ್ ಚಿತ್ರದಲ್ಲಿ ಕಾಣದೇ ಹೋಗಬಹುದು. ಸೂರ್ಯನನ್ನು ಸದಾ ಒಳಗೆ ಬಿಟ್ಟುಕೊಳ್ಳುವ, ಅಪರ್ಚರ್ ಕಿರಿದು ಮಾಡಿಯೇ ಬಳಸುವ ವೈಡ್‌ನಲ್ಲಿ ಅದು ಫ್ಲೇರ್ ಆಗಿ ಎದ್ದು ಬರುತ್ತದೆ. ಕೊಂಡ ಮೇಲೆ ಡ್ರೈ ಕ್ಯಾಬಿನೆಟ್‌ನಲ್ಲಿ ತೇವಾಂಶ ಶೇಕಡಾ 40ರಿಂದ 50ರ ನಡುವೆ ಇಟ್ಟರೆ ಸಾಕು. ಅದಕ್ಕೆ ಹಣವಿಲ್ಲದಿದ್ದರೆ ಗಾಳಿ ಆಡದ ಡಬ್ಬಿ, ಬದಲಿಸುತ್ತಿರುವ ಸಿಲಿಕಾ ಜೆಲ್.

ಕೊಳ್ಳುವ ಮುಂಚೆ ಕಿಟ್ ಲೆನ್ಸನ್ನು 18 ಎಂಎಂಗೆ ಇಟ್ಟು ಕೆಲವು ವಾರ ಅದರಲ್ಲೇ ಚಿತ್ರ ತೆಗೆಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ದೃಶ್ಯ ಪೂರ್ತಿ ಹಿಡಿಸುತ್ತಿಲ್ಲ ಎನ್ನುವ ಒಂದೇ ಕಾರಣಕ್ಕೆ ವೈಡ್ ಕೊಂಡವರು ಬೇಗ ಬೇಸರಪಡುತ್ತಾರೆ. ಹಂಪಿಯ ವಿರೂಪಾಕ್ಷ ಗೋಪುರವನ್ನು 10 ಎಂಎಂನಲ್ಲಿ ತಲೆ ಎತ್ತಿ ತೆಗೆದರೆ ಗೋಪುರ ಹಿಂದಕ್ಕೆ ಬಿದ್ದಂತೆ, ಬೀದಿ ಖಾಲಿ ಬಯಲಿನಂತೆ ಕಾಣುತ್ತದೆ. ವೈಡ್‌ನ ಬಲ ಇರುವುದು ಹತ್ತಿರ ಹೋಗುವುದರಲ್ಲಿ: ಬಾಳೆಕಾಯಿ ಮಾರುವಾಕೆಯ ಬುಟ್ಟಿಯಿಂದ ಒಂದು ಮೊಳ ದೂರದಲ್ಲಿ ಕೂತು, ಬುಟ್ಟಿ, ಆಕೆಯ ಕೈ, ಹಿಂದಿನ ರಥಬೀದಿ, ಅದರ ತುದಿಯ ಗೋಪುರ ಎಲ್ಲವನ್ನೂ ಒಂದು ಚಿತ್ರದಲ್ಲಿ ಜೋಡಿಸುವುದರಲ್ಲಿ. ಹಾಗೆ ಹತ್ತಿರ ಹೋಗುವ ಆಸೆ ಇದ್ದವರಿಗೆ 76 ಡಿಗ್ರಿಯ 18 ಎಂಎಂ ಸಾಲದಾಗುತ್ತದೆ, 109 ಡಿಗ್ರಿಯ 10 ಎಂಎಂ ಬೇಕಾಗುತ್ತದೆ.

ಚೌಕಾಸಿಗೆ ಕೂತಾಗ ಹುಡ್ ಇಲ್ಲ, ಮುಚ್ಚಳ ಕಳೆದಿದೆ, ಡಬ್ಬ ಬಿಲ್ ಇಲ್ಲ, ರಬ್ಬರ್ ಸಡಿಲವಾಗಿದೆ, ಬಣ್ಣ ಸವೆದಿದೆ — ಇವೆಲ್ಲಕ್ಕೂ ಬೆಲೆ ಇಳಿಸಿ ಕೇಳಿ, ಇಳಿಸಿದರೆ ಸಂತೋಷದಿಂದ ಕೊಳ್ಳಿ. ಮುಂದಿನ ಗಾಜಿನ ಗೀರಿಗೆ ಬೆಲೆ ಚೆನ್ನಾಗಿಯೇ ಇಳಿಯಬೇಕು, ಸೂರ್ಯನ ಪರೀಕ್ಷೆ ಪಾಸಾದರೆ ಮಾತ್ರ ಒಪ್ಪಿ. ಒಂದು ಮೂಲೆ ಕದಡಿದ ಲೆನ್ಸನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ. ವೈಡ್ ಝೂಮನ್ನು ಬಿಚ್ಚಿ ಕೇಂದ್ರಕ್ಕೆ ತರಲು ಬೇಕಾದ ಉಪಕರಣ ಸಾಮಾನ್ಯ ರಿಪೇರಿ ಅಂಗಡಿಗಳಲ್ಲಿ ಇರುವುದಿಲ್ಲ, ಇದ್ದ ಕಡೆ ಆಗುವ ಖರ್ಚಿಗೆ ಇನ್ನೊಂದು 10-18 ಹುಡುಕುವುದು ಸುಲಭ.